ಪಟ್ಟ ಬಿಟ್ಟವನ ರಾಜ್ಯಭಾರ

ಬೆಚುವಾನಾಲ್ಯಾಂಡ್ ಎಂಬ ನಾಡನ್ನು ಬ್ರಿಟಿಷರು 1885ರಿಂದ ಎಂಬತ್ತು ವರ್ಷ ಆಳಿದರು. ಆಳಿದ್ದು ಮಾತ್ರ ನಾಡಿನ ಹೊರಗೆ ಕುಳಿತು. ಕಚೇರಿ, ದಫ್ತರ, ಖಜಾನೆ, ಅಧಿಕಾರಿಗಳ ಬಂಗಲೆ ಎಲ್ಲವೂ ಇದ್ದದ್ದು ಗಡಿಯಾಚೆ, ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಪಟ್ಟಣದಲ್ಲಿ. ಕಲಹರಿಯ ಮರಳು, ಮುಳ್ಳುಕಂಟಿ, ದನದ ಮಂದೆ ಬಿಟ್ಟರೆ ಈ ನಾಡಿನಲ್ಲಿ ಇನ್ನೇನಿದೆ, ಉತ್ತರಕ್ಕೆ ಹೋಗುವ ದಾರಿಯೊಂದು ಕೈತಪ್ಪದಿದ್ದರೆ ಸಾಕು ಎಂಬುದು ಲಂಡನ್ನಿನ ಲೆಕ್ಕಾಚಾರ. ನಮ್ಮ ಕರ್ನಾಟಕದಂಥ ಮೂರು ರಾಜ್ಯಗಳು ಹಿಡಿಸುವಷ್ಟು ವಿಶಾಲವಾದ ಆ ನೆಲದಲ್ಲಿ 1964ರ ಜನಗಣತಿ ಲೆಕ್ಕ ಹಾಕಿದ್ದು ಐದೂವರೆ ಲಕ್ಷ ಜನರನ್ನು. ಸ್ವಾತಂತ್ರ್ಯ ಕೊಡುವುದೆಂದು ನಿಶ್ಚಯವಾದಾಗ ಮೊದಲು ಎದ್ದ ಪ್ರಶ್ನೆ ಬಹಳ ಸರಳವಾಗಿತ್ತು: ಬಾವುಟ ಏರಿಸುವುದಾದರೂ ಎಲ್ಲಿ?

ಹೀಗಾಗಿ ಆಗ್ನೇಯ ಮೂಲೆಯಲ್ಲಿ, ರೈಲು ಹಳಿಯ ಪಕ್ಕದಲ್ಲಿ, ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಬಹುದಾದ ಜಾಗವೊಂದನ್ನು ಹುಡುಕಿ ಗಾಬೊರೊನೆ ಎಂಬ ಊರನ್ನು ಕಟ್ಟತೊಡಗಿದರು. ಕೆಲಸ ಭರದಿಂದ ಸಾಗಿದ್ದು 1964ರಿಂದ. ಇಪ್ಪತ್ತು ಸಾವಿರ ಜನರಿಗೆಂದು ನಕ್ಷೆ ತಯಾರಾಗಿತ್ತು. ಮಂತ್ರಿಗಳಿಗೆ ಮನೆ, ಗುಮಾಸ್ತರಿಗೆ ಮನೆ, ಅಂಗಡಿ ಸಾಲು, ಶಾಸನಸಭೆ ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಇಟ್ಟಿಗೆ ಹೊತ್ತ ಕೂಲಿಗಳಿಗೆ ಮಾತ್ರ ಇರಲಿಲ್ಲ. ಕೆಲಸ ಮುಗಿದ ಮೇಲೆ ಅವರು ತಂತಮ್ಮ ಊರಿಗೆ ಹೋಗುತ್ತಾರೆಂದು ನಕ್ಷೆ ಬರೆದವರು ನಂಬಿದ್ದರು. ಅವರು ಹೋಗಲಿಲ್ಲ. ನಾಲೆಡಿ ಎಂಬ ಕಡೆ ಹಾಕಿಕೊಂಡಿದ್ದ ತಾತ್ಕಾಲಿಕ ಬಿಡಾರಗಳೇ ಹೊಸ ರಾಜಧಾನಿಯ ಮೊದಲ ಕೊಳೆಗೇರಿಯಾದವು. ಹೊಸ ರಾಷ್ಟ್ರ ಹುಟ್ಟುವ ಮೊದಲೇ ಅದರ ಮೊದಲ ತಪ್ಪು ಹೀಗೆ ನೆಲದ ಮೇಲೆ ಬೇರೂರಿತ್ತು. ಎಪ್ಪತ್ತರ ದಶಕದಲ್ಲಿ ಸರ್ಕಾರ ಅಲ್ಲಿಗೆ ನೀರು, ದಾರಿ ಕೊಟ್ಟು ಆ ಬಡಾವಣೆಯನ್ನು ಒಪ್ಪಿಕೊಳ್ಳಬೇಕಾಯಿತು.

ಬಾವುಟ ಏರಿದ್ದು 1966ರ ಸೆಪ್ಟೆಂಬರ್ 30ರ ನಡುರಾತ್ರಿ. ಬ್ರಿಟಿಷ್ ರಾಣಿಯ ಪರವಾಗಿ ರಾಜಕುಮಾರಿ ಮರೀನಾ ಬಂದಿದ್ದರು. ಧೂಳೆಬ್ಬಿಸುವ ಗಾಳಿಯಲ್ಲಿ ಯೂನಿಯನ್ ಜಾಕ್ ಇಳಿದು, ನೀಲಿಯ ನಡುವೆ ಬಿಳಿ ಅಂಚಿನ ಕಪ್ಪು ಪಟ್ಟೆಯ ಹೊಸ ಧ್ವಜ ಮೇಲೇರಿತು. ಅಂದು ಹಾಡಿದ ರಾಷ್ಟ್ರಗೀತೆಯನ್ನು ರಚಿಸಿದ್ದ ಕೆ.ಟಿ. ಮೊಟ್ಸೆಟೆ ಆಳುವ ಪಕ್ಷದವರಲ್ಲ. 1960ರಲ್ಲಿ ಎದುರು ಪಕ್ಷವೊಂದನ್ನು ಹುಟ್ಟುಹಾಕಿದವರಲ್ಲಿ ಒಬ್ಬರು. ಎದುರಾಳಿಯ ಹಾಡನ್ನೇ ನಾಡಗೀತೆಯಾಗಿ ಒಪ್ಪಿಕೊಂಡ ಸರ್ಕಾರಗಳು ಆ ಕಾಲದ ಆಫ್ರಿಕಾದಲ್ಲಿ ಹೆಚ್ಚಿರಲಿಲ್ಲ.

ಸಂಭ್ರಮದ ಹಿಂದೆ ಬರ ಇತ್ತು. ಮಳೆ ವರ್ಷಗಟ್ಟಲೆ ಕೈಕೊಟ್ಟು ನಾಡಿನ ಮೂರನೇ ಒಂದರಷ್ಟು ದನಗಳು ಸತ್ತಿದ್ದವು. ಐವರಲ್ಲಿ ಒಬ್ಬರು ಹೊರಗಿನಿಂದ ಬಂದ ಧಾನ್ಯ ತಿಂದು ಬದುಕುತ್ತಿದ್ದರು. (ಅದೇ ವರ್ಷ ನಮ್ಮ ಬಿಹಾರದಲ್ಲೂ ಅನ್ನಕ್ಕೆ ಹಾಹಾಕಾರ ಎದ್ದಿತ್ತು.) ದೇಶದಲ್ಲಿ ಡಾಂಬರು ಕಂಡ ರಸ್ತೆ 12 ಕಿಲೋಮೀಟರ್, ಪದವೀಧರರು 22 ಮಂದಿ ಎಂದು ಅರ್ಥಶಾಸ್ತ್ರಜ್ಞರು ಇಂದಿಗೂ ಬರೆಯುತ್ತಾರೆ. ಸರ್ಕಾರದ ದೈನಂದಿನ ಖರ್ಚಿಗೂ ಬ್ರಿಟನ್ನಿನ ಅನುದಾನವೇ ಗತಿ. ಒಂದು ದಿಕ್ಕಿಗೆ ವರ್ಣಭೇದದ ದಕ್ಷಿಣ ಆಫ್ರಿಕಾ, ಇನ್ನೊಂದು ದಿಕ್ಕಿಗೆ ಅದರ ಕೈಕೆಳಗಿನ ನೈಋತ್ಯ ಆಫ್ರಿಕಾ, ಮತ್ತೊಂದು ದಿಕ್ಕಿಗೆ ಬಿಳಿಯರ ರೊಡೇಷಿಯಾ. ಬೋಟ್ಸ್ವಾನಾ ಎಂದು ಹೆಸರಿಟ್ಟುಕೊಂಡ ಈ ಗಣರಾಜ್ಯ ಹತ್ತು ವರ್ಷ ಬಾಳೀತೆಂದು ನಂಬಿದವರು ಕಡಿಮೆ.

ಅದು ಬಾಳಿದ ಬಗೆಯನ್ನು ಹೇಳುವಾಗ ಎಲ್ಲರೂ ವಜ್ರದ ಮಾತೆತ್ತುತ್ತಾರೆ. ವಜ್ರ ಸಿಕ್ಕಿದ್ದು ನಿಜ. ಆದರೆ ವಜ್ರ ಸಿಕ್ಕ ಸಿಯೆರಾ ಲಿಯೋನ್, ಕಾಂಗೋ, ಅಂಗೋಲಾಗಳ ಗತಿ ಏನಾಯಿತೆಂಬುದನ್ನು ಲೋಕ ಕಂಡಿದೆ. ನನ್ನ ಮಟ್ಟಿಗೆ ಈ ಕಥೆ ಶುರುವಾಗುವುದು ಗಣಿಯ ಬಾಯಲ್ಲಲ್ಲ, ದನದ ದೊಡ್ಡಿಯ ಪಕ್ಕದಲ್ಲಿ.

ಟ್ಸ್ವಾನಾ ಜನರ ಪ್ರತಿ ಊರಿನಲ್ಲೂ ಅರಸನ ಮನೆಯ ಎದುರು ಒಂದು ಬಯಲು. ಎದೆಯೆತ್ತರದ ಮರದ ಗೂಟಗಳನ್ನು ಒತ್ತೊತ್ತಾಗಿ ನೆಟ್ಟು ಅರ್ಧಚಂದ್ರಾಕಾರದಲ್ಲಿ ಕಟ್ಟಿದ ತಡೆಗೋಡೆ. ಮಗ್ಗುಲಲ್ಲೇ ದನದ ದೊಡ್ಡಿ. ಅದಕ್ಕೆ ಖೋಟ್ಲಾ ಎಂದು ಹೆಸರು. ನಮ್ಮ ಅರಳಿಕಟ್ಟೆಯ ಪಂಚಾಯಿತಿಯನ್ನು ನೆನೆದರೆ ಅದರ ಚಿತ್ರ ಅರ್ಧ ಸಿಕ್ಕಂತೆ. ಗಂಡಸರು ಹಸಿ ತೊಗಲಿನ ಪಟ್ಟಿ ಹೆಣೆದ ಗಿಡ್ಡ ಕುರ್ಚಿಗಳನ್ನು ಮನೆಯಿಂದಲೇ ಹೊತ್ತು ತಂದು ಕೂರುತ್ತಾರೆ. ವ್ಯಾಜ್ಯ, ತೆರಿಗೆ, ಬಿತ್ತನೆಯ ದಿನ, ಯುದ್ಧ, ಮದುವೆ, ಎಲ್ಲವೂ ಅಲ್ಲೇ ಇತ್ಯರ್ಥ. ಯಾರು ಬೇಕಾದರೂ ಎದ್ದು ಮಾತಾಡಬಹುದು, ಅರಸನನ್ನೇ ಬೈಯಬಹುದು. ಖೋಟ್ಲಾದಲ್ಲಿ ಆಡಿದ ಮಾತೆಲ್ಲ ಚೆಂದವೇ ಎಂಬ ಗಾದೆಯ ರಕ್ಷಣೆ ಅದಕ್ಕಿದೆ. ಎಲ್ಲರ ಮಾತು ಮುಗಿದ ಮೇಲೆ ಕೊನೆಗೆ ಅರಸನ ಮಾತು. ಆತ ಜಾಣನಾಗಿದ್ದರೆ ಜನರ ಮನಸ್ಸು ಎತ್ತ ವಾಲಿದೆಯೋ ಅತ್ತಲೇ ತೀರ್ಪು ಕೊಡುತ್ತಾನೆ. ಜನರಿಂದಲೇ ಅರಸ ಅರಸನಾಗುವುದು ಎಂಬುದು ಇನ್ನೊಂದು ಗಾದೆ. ಇದನ್ನು ಕೇಳಿ ಮೈಮರೆಯುವ ಮುನ್ನ ಒಂದು ಮಾತು ಹೇಳಬೇಕು. ಕರೆ ಬಂದರೆ ಹೊರತು ಹೆಂಗಸರಿಗೆ ಅಲ್ಲಿ ಪ್ರವೇಶವಿರಲಿಲ್ಲ. ದನ ಕಾಯುವ ಜೀತದವರಂತೆ ಬದುಕುತ್ತಿದ್ದ ಬಸಾರ್ವಾ ಜನರ ದನಿಗೆ ಅಲ್ಲಿ ಬೆಲೆಯಿರಲಿಲ್ಲ. ಒಮ್ಮತ ಎನ್ನುವಾಗ ಯಾರ್‍ಯಾರ ಒಮ್ಮತ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಈ ಅರಸರಿಗೆ ಹೊರಗಿನವರೊಂದಿಗೆ ಮಾತಿನಲ್ಲೇ ಯುದ್ಧ ಮಾಡುವ ಕಲೆ ತಿಳಿದಿತ್ತು. 1895ರಲ್ಲಿ ಸೆಸಿಲ್ ರೋಡ್ಸ್ ತನ್ನ ಕಂಪನಿಗೆ ಈ ನಾಡನ್ನು ಕಬಳಿಸಲು ಹೊಂಚು ಹಾಕಿದಾಗ ಮೂರನೇ ಖಾಮ, ಸೆಬೆಲೆ, ಬಾಥೋಯೆನ್ ಎಂಬ ಮೂವರು ಅರಸರು ಹಡಗು ಹತ್ತಿ ಇಂಗ್ಲೆಂಡಿಗೇ ಹೋದರು. ಊರೂರು ತಿರುಗಿ, ಪ್ರಾರ್ಥನಾ ಮಂದಿರಗಳಲ್ಲಿ ನಿಂತು, ಕಂಪನಿಯ ಕೈಗೆ ನಮ್ಮನ್ನು ಕೊಡಬೇಡಿ ಎಂದು ಅಲ್ಲಿನ ಜನರನ್ನೇ ಕೇಳಿದರು. ವಸಾಹತು ಮಂತ್ರಿ ಜೋಸೆಫ್ ಚೇಂಬರ್ಲೇನ್ ಮಣಿಯಬೇಕಾಯಿತು. ರೈಲು ಹಳಿಗೆ ಒಂದು ಪಟ್ಟಿ ನೆಲ ಬಿಟ್ಟುಕೊಟ್ಟು, ಗುಡಿಸಲು ತೆರಿಗೆಗೆ ಒಪ್ಪಿ, ಉಳಿದ ನಾಡನ್ನು ಮೂವರೂ ಉಳಿಸಿಕೊಂಡರು.

ಆ ಮೂರನೇ ಖಾಮನ ಮೊಮ್ಮಗ ಸೆರೆಟ್ಸೆ ಖಾಮ. ಹುಟ್ಟಿದ್ದು 1921ರಲ್ಲಿ, ಬಾಮಾಂಗ್ವಾಟೊ ಕುಲದ ರಾಜಧಾನಿ ಸೆರೊವೆಯಲ್ಲಿ. ನಾಲ್ಕನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡ ಹುಡುಗನ ಪರವಾಗಿ ಚಿಕ್ಕಪ್ಪ ಶೆಕೆಡಿ ರಾಜ್ಯ ನಡೆಸಿದ. ಕಟ್ಟುನಿಟ್ಟಿನ ಮನುಷ್ಯ, ದಕ್ಷ, ಹಟಮಾರಿ. ಮೋಯೆಂಗ್‌ನಲ್ಲಿ ಕಾಲೇಜು ಕಟ್ಟಬೇಕೆಂದು ಮನಸ್ಸು ಮಾಡಿದಾಗ ಜನರಿಂದ ದನ ವಸೂಲಿ ಮಾಡಿ, ಯುವಕರ ದಳಗಳನ್ನು ಸಂಬಳವಿಲ್ಲದೆ ದುಡಿಸಿ ಕಟ್ಟಿಸಿದವನು. ಅಣ್ಣನ ಮಗನನ್ನು ಫೋರ್ಟ್ ಹೇರ್‌ನಲ್ಲಿ ಓದಿಸಿ, ಆಕ್ಸ್‌ಫರ್ಡಿಗೆ ಕಳಿಸಿ, ಲಂಡನ್ನಿನಲ್ಲಿ ಕಾನೂನು ಕಲಿಯಲು ಬಿಟ್ಟಿದ್ದೂ ಅವನೇ. ಹುಡುಗ ಅಲ್ಲಿ 1948ರ ಸೆಪ್ಟೆಂಬರಿನಲ್ಲಿ ರೂತ್ ವಿಲಿಯಮ್ಸ್ ಎಂಬ ಬಿಳಿಯ ಹುಡುಗಿಯನ್ನು ಮದುವೆಯಾದ. ಆಕೆ ವಿಮಾ ಕಚೇರಿಯಲ್ಲಿ ಗುಮಾಸ್ತೆ.

ಶೆಕೆಡಿ ಕೆಂಡವಾದ. ಕುಲವನ್ನು ಕೇಳದೆ ಅರಸ ಮದುವೆಯಾಗುವುದುಂಟೇ? ಸೆರೆಟ್ಸೆ ಓಡಿ ಹೋಗಲಿಲ್ಲ. ಊರಿಗೆ ಬಂದು ಖೋಟ್ಲಾದಲ್ಲಿ ನಿಂತ. ಮೊದಲ ಎರಡು ಸಭೆಗಳಲ್ಲಿ ಹಿರಿಯರ ಸಿಟ್ಟು ಇಳಿಯಲಿಲ್ಲ. ಮೂರನೆಯದು ನಡೆದದ್ದು 1949ರ ಜೂನ್‌ನಲ್ಲಿ. ದೂರದ ದನದ ಹಟ್ಟಿಗಳಿಂದ ಸಾವಿರಾರು ಗಂಡಸರು ಬಂದು ಸೇರಿದರು. ದಿನಗಟ್ಟಲೆ ಮಾತು ನಡೆಯಿತು. ಕೊನೆಗೆ ಸೆರೆಟ್ಸೆ ಎದ್ದು, ನನ್ನ ಹೆಂಡತಿಯನ್ನು ಒಪ್ಪದವರು ಎದ್ದು ನಿಲ್ಲಿ ಎಂದ. ನಿಂತವರು ನಲವತ್ತರ ಆಸುಪಾಸು, ಹೆಚ್ಚಿನವರು ರಾಜಬಂಧುಗಳು. ಒಪ್ಪುವವರು ನಿಲ್ಲಿ ಎಂದಾಗ ಬಯಲಿಗೆ ಬಯಲೇ ಎದ್ದು ನಿಂತು ಜಯಘೋಷ ಮಾಡಿತು. ಸೊಸೆಯ ಮೇಲಿನ ಅಕ್ಕರೆಯ ಜತೆಗೆ, ಶೆಕೆಡಿ ಪಟ್ಟಕ್ಕೆ ಕಣ್ಣು ಹಾಕಿದ್ದಾನೆಂಬ ಗುಮಾನಿಯೂ ಆ ಜನರನ್ನು ಎಬ್ಬಿಸಿತ್ತೆಂಬುದನ್ನು ಇತಿಹಾಸಕಾರರು ಮರೆತಿಲ್ಲ.

ಕುಲ ಒಪ್ಪಿತು, ಬ್ರಿಟನ್ ಒಪ್ಪಲಿಲ್ಲ. ಪಕ್ಕದ ದಕ್ಷಿಣ ಆಫ್ರಿಕಾದಲ್ಲಿ ಮಲಾನನ ಸರ್ಕಾರ ಕಪ್ಪು-ಬಿಳಿ ಮದುವೆಯನ್ನು ಅದೇ ವರ್ಷ ಕಾನೂನಿನಿಂದ ನಿಷೇಧಿಸಿತ್ತು. ಗಡಿಗೆ ಅಂಟಿಕೊಂಡಂತೆ ಕಪ್ಪು ಅರಸನೊಬ್ಬ ಬಿಳಿ ರಾಣಿಯೊಂದಿಗೆ ಆಳುವುದನ್ನು ಅದು ಸಹಿಸುವಂತಿರಲಿಲ್ಲ. ಯುದ್ಧದ ಸಾಲದಲ್ಲಿ ಮುಳುಗಿದ್ದ ಬ್ರಿಟನ್ನಿಗೆ ಅಲ್ಲಿನ ಚಿನ್ನ ಬೇಕಿತ್ತು, ಯುರೇನಿಯಂ ಬೇಕಿತ್ತು. ವಿಚಾರಣಾ ಆಯೋಗವೊಂದನ್ನು ನೇಮಿಸಿದರು. ಸೆರೆಟ್ಸೆ ಪಟ್ಟಕ್ಕೆ ಎಲ್ಲ ವಿಧದಲ್ಲೂ ಯೋಗ್ಯ, ಆದರೆ ನೆರೆಯವರಿಗೆ ಕೋಪ ಬರುವ ಕಾರಣ ಪಟ್ಟ ಕೊಡಲಾಗದು ಎಂಬ ಧಾಟಿಯ ಅದರ ವರದಿಯನ್ನು ಲಂಡನ್ ಹೊರಗೆ ಬಿಡದೆ ಬಚ್ಚಿಟ್ಟಿತು. 1950ರಲ್ಲಿ ಮಾತುಕತೆಗೆಂದು ಕರೆಸಿಕೊಂಡು, ಊರಿಗೆ ಮರಳಕೂಡದೆಂದು ಆಜ್ಞೆ ಮಾಡಿತು.

ಬಾಮಾಂಗ್ವಾಟೊ ಜನ ಅದಕ್ಕೆ ಉತ್ತರ ಕೊಟ್ಟದ್ದು ಹೇಗೆಂದರೆ, ಬೇರೆ ಅರಸನನ್ನು ಆರಿಸಿಕೊಳ್ಳಿ ಎಂದರೆ ಆರಿಸಿಕೊಳ್ಳಲೇ ಇಲ್ಲ. ತೆರಿಗೆ ಕಟ್ಟಲು ನಿರಾಕರಿಸಿದರು. 1952ರ ಜೂನ್‌ನಲ್ಲಿ ಸೆರೊವೆಯ ಖೋಟ್ಲಾದಲ್ಲಿ ಪೊಲೀಸರ ಮೇಲೆ ಕಲ್ಲು ಬಿದ್ದವು. ಮೂವರು ಪೊಲೀಸರು ಸತ್ತರು. ಕಲ್ಲೆಸೆದವರಲ್ಲಿ, ಜೈಲಿಗೆ ಹೋದವರಲ್ಲಿ, ಅಲ್ಲಿಯವರೆಗೆ ಖೋಟ್ಲಾಕ್ಕೆ ಕಾಲಿಡದ ಹೆಂಗಸರೂ ಇದ್ದರು. ನಾಲ್ಕು ವರ್ಷದ ಹಗ್ಗಜಗ್ಗಾಟದ ನಂತರ ಚಿಕ್ಕಪ್ಪ-ಮಗ ರಾಜಿಯಾದರು. ಇಬ್ಬರೂ ಪಟ್ಟದ ಹಕ್ಕು ಬಿಟ್ಟುಕೊಟ್ಟರು. 1956ರ ಅಕ್ಟೋಬರಿನಲ್ಲಿ ಸೆರೆಟ್ಸೆ ಖಾಮ ಸಾಮಾನ್ಯ ಪ್ರಜೆಯಾಗಿ ಊರಿಗೆ ಮರಳಿದ.

ಈ ಒಂದು ತ್ಯಾಗದಿಂದ ಮುಂದಿನದೆಲ್ಲ ಸಾಧ್ಯವಾಯಿತೆಂದು ನನಗನ್ನಿಸುತ್ತದೆ. ಪಟ್ಟ ಬಿಟ್ಟವನಿಗೆ ಮಾತ್ರ ಬೇರೆ ಅರಸರಿಗೆ ನೀವೂ ಬಿಡಿ ಎನ್ನುವ ಬಾಯಿ ಇರುತ್ತದೆ. ಹಾಗೆಂದು ಪಟ್ಟ ಅವನನ್ನು ಪೂರ್ತಿ ಬಿಟ್ಟಿತೇ? ಹಳ್ಳಿಯ ಮುದುಕರ ಪಾಲಿಗೆ ಅವನು ಸಾಯುವವರೆಗೂ ಅರಸನೇ. 1962ರಲ್ಲಿ ಅವನೂ ಕ್ವೆಟ್ ಮಾಸಿರೆಯೂ ಸೇರಿ ಡೆಮಾಕ್ರಟಿಕ್ ಪಕ್ಷ ಕಟ್ಟಿದರು. ಕೆಸರಲ್ಲಿ ಹೂತ ವಾಹನವನ್ನು ಎತ್ತುವ ಜ್ಯಾಕ್ ಅದರ ಗುರುತು. 1965ರ ಮಾರ್ಚಿನ ಮೊದಲ ಚುನಾವಣೆಯಲ್ಲಿ ಓದು ಬಾರದ ಜನ ಬಣ್ಣಬಣ್ಣದ ಬಿಲ್ಲೆ ಹಾಕಿ ಮತ ಕೊಟ್ಟರು. 31 ಸ್ಥಾನಗಳಲ್ಲಿ 28 ಜ್ಯಾಕಿನ ಪಾಲಾದವು. ಆ ಮತಗಳಲ್ಲಿ ಎಷ್ಟು ಪ್ರಜಾಪ್ರಭುತ್ವಕ್ಕೆ, ಎಷ್ಟು ಖಾಮನ ಮೊಮ್ಮಗನಿಗೆ ಎಂದು ಬಿಡಿಸಿ ಹೇಳುವುದು ಯಾರಿಂದಲೂ ಆಗದು.

ಅಧಿಕಾರಕ್ಕೆ ಬಂದವನು ಮೊದಲು ಕೈ ಹಾಕಿದ್ದು ತನ್ನ ದಾಯಾದಿಗಳ ಅಧಿಕಾರಕ್ಕೆ. ಅರಸರಿಗೆಂದು ಒಂದು ಸಭೆ ಕೊಟ್ಟರು. ಸಲಹೆ ಕೊಡಬಹುದು, ಮತ ಹಾಕುವಂತಿಲ್ಲ. ಶಾಲೆ, ರಸ್ತೆ, ತೆರಿಗೆ ಚುನಾಯಿತ ಜಿಲ್ಲಾ ಕೌನ್ಸಿಲ್‌ಗಳ ಕೈಗೆ ಹೋದವು. 1968ರ ಕಾಯ್ದೆಯಂತೆ ನೆಲ ಹಂಚುವ ಹಕ್ಕು ಭೂ ಮಂಡಳಿಗಳಿಗೆ ಹೋಯಿತು. ಅದರೊಂದಿಗೆ ಅರಸೊತ್ತಿಗೆಯ ಬೇರೇ ಕಡಿದಂತಾಯಿತು. ಖೋಟ್ಲಾವನ್ನು ಮಾತ್ರ ಮುಟ್ಟಲಿಲ್ಲ. ಮಂತ್ರಿಗಳು ಹೊಸ ಯೋಜನೆ ತಂದಾಗೆಲ್ಲ ಅದೇ ಬಯಲಿಗೆ ಬಂದು, ಅದೇ ಗಿಡ್ಡ ಕುರ್ಚಿಗಳ ಎದುರು ನಿಂತು ವಿವರಿಸಬೇಕಿತ್ತು. ಮುದುಕರ ಕೊಂಕು ಮಾತು ಕೇಳಿಸಿಕೊಳ್ಳಬೇಕಿತ್ತು. ಎಷ್ಟೋ ಸಲ ತೀರ್ಮಾನ ರಾಜಧಾನಿಯಲ್ಲೇ ಆಗಿರುತ್ತಿತ್ತು, ಕೇಳುವುದು ಶಾಸ್ತ್ರಕ್ಕೆ. ಆದರೂ ಶಾಸ್ತ್ರಕ್ಕಾದರೂ ಕೇಳಬೇಕಾದ ಸರ್ಕಾರಕ್ಕೂ ಕೇಳಬೇಕಿಲ್ಲದ ಸರ್ಕಾರಕ್ಕೂ ಅಂತರ ಬಹಳ.

ಅರಸರೆಲ್ಲ ತಲೆಬಾಗಿ ಸುಮ್ಮನಾದರೆಂದು ತಿಳಿಯಬೇಡಿ. ಬಾಂಗ್ವಾಕೆಟ್ಸೆ ಕುಲದ ಅರಸ ಎರಡನೇ ಬಾಥೋಯೆನ್ ಆ ಪೈಕಿಯಲ್ಲ. 1895ರಲ್ಲಿ ಇಂಗ್ಲೆಂಡಿಗೆ ಹೋದ ಬಾಥೋಯೆನನ ಮೊಮ್ಮಗ. ಕಾನ್ಯೆ ಊರಿನಲ್ಲಿ ನಾಲ್ಕು ದಶಕ ಆಳಿದ ಗಟ್ಟಿಗ. ಉಪಾಧ್ಯಕ್ಷ ಮಾಸಿರೆಯೂ ಅದೇ ಊರಿನ ಮಗ, ಅದೇ ಅರಸನ ಪ್ರಜೆ. 1950ರಲ್ಲಿ ಅಲ್ಲಿ ಪ್ರೌಢಶಾಲೆ ತೆರೆದು, ಅರಸನ ತಂದೆ ಸೀಪಾಪಿಟ್ಸೋನ ಹೆಸರನ್ನೇ ಅದಕ್ಕಿಟ್ಟು ಮೇಷ್ಟರಾಗಿದ್ದವನು ಈತ. ಆಮೇಲೆ ಬೇಸಾಯಕ್ಕಿಳಿದು, ಹೊಸ ರೀತಿಯಲ್ಲಿ ಉತ್ತು, ನಿಯಮದಂತೆ ಬಿತ್ತಿ, ಮಳೆ ಕಡಿಮೆಯಾದ ವರ್ಷವೂ ಒಳ್ಳೆಯ ಬೆಳೆ ತೆಗೆದ. ಕುಲದ ನೆಲಕ್ಕೆ ಬೇಲಿ ಹಾಕುವ ವಿಷಯದಲ್ಲಿ ಅರಸನಿಗೂ ಅವನಿಗೂ ಹತ್ತಿತು. ಮಾಸಿರೆಗೆ ಹೊಲ ರೈತನ ದುಡಿಮೆಯ ಫಲ. ಬಾಥೋಯೆನ್‌ಗೆ ಅದು ಅರಸ ಕೊಟ್ಟದ್ದು, ಅರಸ ಹಿಂದಕ್ಕೆ ಪಡೆಯಬಹುದಾದದ್ದು. ಇಡೀ ಹೊಸ ಗಣರಾಜ್ಯದ ತಕರಾರು ಆ ಇಬ್ಬರ ಬೇಲಿ ಜಗಳದಲ್ಲಿ ಅಡಗಿತ್ತು.

1969ರಲ್ಲಿ ಬಾಥೋಯೆನ್ ಯಾರೂ ಎಣಿಸದ ಹೆಜ್ಜೆ ಇಟ್ಟ. ಅರಸು ಪಟ್ಟಕ್ಕೆ ರಾಜೀನಾಮೆ ಕೊಟ್ಟು, ಎಡಪಂಥೀಯರು ಕಟ್ಟಿದ್ದ ನ್ಯಾಷನಲ್ ಫ್ರಂಟ್ ಪಕ್ಷ ಸೇರಿ, ಕಾನ್ಯೆಯಿಂದ ಚುನಾವಣೆಗೆ ನಿಂತ. ಎದುರಾಳಿ ದೇಶದ ಉಪಾಧ್ಯಕ್ಷ. ಅರಸ ಗೆದ್ದ. ಮಾಸಿರೆ ಸೋತು, ಸಂವಿಧಾನದಲ್ಲಿದ್ದ ವಿಶೇಷ ಆಯ್ಕೆಯ ಸ್ಥಾನದಿಂದ ಸಂಸತ್ತಿಗೆ ಬರಬೇಕಾಯಿತು. ಆ ದಶಕದಲ್ಲಿ ಬೇರೆಡೆ ಉಪಾಧ್ಯಕ್ಷನನ್ನು ಸೋಲಿಸಿದವನು ಜೈಲಿಗೋ ದೇಶಾಂತರಕ್ಕೋ ಹೋಗುತ್ತಿದ್ದ. ಬಾಥೋಯೆನ್ ಹೋದದ್ದು ಸಂಸತ್ತಿಗೆ; ಎದುರು ಬೆಂಚಿನಲ್ಲಿ ಕೂತು ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳಲಿಕ್ಕೆ.

ಇನ್ನು ವಜ್ರ. ಐವತ್ತರ ದಶಕದಲ್ಲಿ ಪೂರ್ವದ ಮೊಟ್ಲೌಟ್ಸೆ ನದಿಯ ಮರಳಲ್ಲಿ ಕೆಲವು ಸಣ್ಣ ಹರಳು ಸಿಕ್ಕಿದ್ದವು. ಮೂಲ ಎಲ್ಲೆಂದು ತಿಳಿದಿರಲಿಲ್ಲ. ಡಿ ಬೀರ್ಸ್ ಕಂಪನಿಯ ಭೂವಿಜ್ಞಾನಿ ಗ್ಯಾವಿನ್ ಲಾಮಂಟ್ ಒಂದು ಊಹೆ ಮಾಡಿದ: ಬಹಳ ಹಿಂದೆ ನೆಲ ಉಬ್ಬಿ ಈ ನದಿಯ ತಲೆ ಕತ್ತರಿಸಿ ಹೋಗಿರಬೇಕು, ಹುಟ್ಟು ಇನ್ನೂ ಪಶ್ಚಿಮಕ್ಕೆ ಇರಬೇಕು. ಆ ದಿಕ್ಕಿನಲ್ಲಿ ಹುಡುಕುತ್ತ ಹೋದವರಿಗೆ 1967ರಲ್ಲಿ ಓರಾಪಾದಲ್ಲಿ ಲೋಕದ ಅತಿ ದೊಡ್ಡ ವಜ್ರಶಿಲೆಯ ಕೊಳವೆಗಳಲ್ಲೊಂದು ಸಿಕ್ಕಿತು. ಆ ನೆಲ ಬಾಮಾಂಗ್ವಾಟೊ ಕುಲದ್ದು, ಅಂದರೆ ಅಧ್ಯಕ್ಷ ಸೆರೆಟ್ಸೆಯ ಸ್ವಂತ ಕುಲದ್ದು. ಹಳೆಯ ಪದ್ಧತಿಯಂತೆ ನೆಲದಡಿಯದೂ ಕುಲಕ್ಕೇ ಸೇರಬೇಕು.

ಆದರೆ ಖನಿಜವೆಲ್ಲ ರಾಷ್ಟ್ರದ್ದಾಗಬೇಕೆಂದು ಸೆರೆಟ್ಸೆಯ ಪಕ್ಷ 1965ರ ಚುನಾವಣೆಗೆ ಮುಂಚೆಯೇ ಸಾರಿತ್ತು. ಅದನ್ನು 1967ರಲ್ಲಿ ಕಾನೂನಾಗಿ ಮಾಡಿ, ಒಂದೊಂದೇ ಕುಲದ ಒಪ್ಪಿಗೆ ಪಡೆದರು. ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವರು ತನ್ನವರೇ ಎಂದು ಗೊತ್ತಿದ್ದ ಮನುಷ್ಯ ಮೊದಲು ತನ್ನವರನ್ನೇ ಒಪ್ಪಿಸಿದ್ದರಿಂದ, ಉಳಿದವರಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ನೈಜೀರಿಯಾದಲ್ಲಿ ಅದೇ ವರ್ಷ ಬಯಾಫ್ರಾ ಸಿಡಿದು ಯುದ್ಧ ಶುರುವಾಯಿತು. ತೈಲದ ಪಾಲು ಯಾರದೆಂಬುದು ಆ ಯುದ್ಧದ ಕಾರಣಗಳಲ್ಲೊಂದು. ಓರಾಪಾ ಗಣಿ 1971ರಲ್ಲಿ ತೆರೆಯಿತು. ಮೊದಲಿಗೆ ಸರ್ಕಾರದ ಪಾಲು ಶೇಕಡಾ 15 ಮಾತ್ರ. ಗಣಿಯ ಆಳ ತಿಳಿಯುತ್ತ ಬಂದಂತೆ ಮತ್ತೆ ಮಾತುಕತೆಗೆ ಕೂತು, 1975ರ ಹೊತ್ತಿಗೆ ಅದನ್ನು 50ಕ್ಕೆ ಏರಿಸಿಕೊಂಡರು. ಕಲಹರಿಯ ದಪ್ಪ ಮರಳ ಹೊದಿಕೆಯ ಕೆಳಗೆ ಅಡಗಿದ್ದ ಜ್ವಾನೆಂಗ್ ಇನ್ನೂ ದೊಡ್ಡ ನಿಧಿ. ಅದರ ಸುಳಿವು ಕೊಟ್ಟದ್ದು ಗೆದ್ದಲುಗಳು, ಆಳದ ಕಣಗಳನ್ನು ಅವೇ ಮೇಲಕ್ಕೆ ಹೊತ್ತು ತಂದಿದ್ದವು ಎಂದು ಹೇಳುತ್ತಾರೆ. ಅದು ತೆರೆಯುವ ಹೊತ್ತಿಗೆ 1982 ಬಂದಿತ್ತು, ಸೆರೆಟ್ಸೆ ಇರಲಿಲ್ಲ.

ವಜ್ರದ ಹಣ ಬರುವ ಮೊದಲೇ ಗಂಜಿಯ ಲೆಕ್ಕ ಸರಿಹೋಗುತ್ತ ಬಂದಿತ್ತೆಂಬುದನ್ನೂ ಹೇಳಬೇಕು. ದಕ್ಷಿಣ ಆಫ್ರಿಕಾದೊಂದಿಗಿನ ಹಳೆಯ ಸುಂಕ ಒಪ್ಪಂದವನ್ನು 1969ರಲ್ಲಿ ತಿದ್ದಿಸಿ ಹೆಚ್ಚಿನ ಪಾಲು ಪಡೆದರು. ಲೊಬಾಟ್ಸೆಯ ಕಸಾಯಿಖಾನೆಯಿಂದ ದನದ ಮಾಂಸ ಯುರೋಪಿಗೆ ಹೋಗುತ್ತಿತ್ತು. ಎಪ್ಪತ್ತರ ದಶಕದ ಆರಂಭದಲ್ಲೇ ಬ್ರಿಟನ್ನಿನ ಅನುದಾನ ಬೇಕಿಲ್ಲ ಎನ್ನುವ ಸ್ಥಿತಿ ಬಂತು.

ಇದೆಲ್ಲ ರಾಜಧಾನಿಯ ಲೆಕ್ಕ. ಊರಿನ ಬದುಕು ಹೇಗಿತ್ತೆಂದು ನೋಡಬೇಕಾದರೆ ಸೆರೊವೆಗೆ ಹೋಗಬೇಕು. ಪ್ಯಾಟ್ರಿಕ್ ವಾನ್ ರೆನ್ಸ್‌ಬರ್ಗ್ ಎಂಬ ಬಿಳಿಯ ದಕ್ಷಿಣ ಆಫ್ರಿಕನ್, ತನ್ನ ಸರ್ಕಾರದ ವರ್ಣನೀತಿಗೆ ಹೇಸಿ ರಾಯಭಾರ ಕಚೇರಿಯ ಕೆಲಸ ಬಿಟ್ಟು ಬಂದವನು, 1963ರಲ್ಲಿ ಅಲ್ಲಿ ಸ್ವಾನೆಂಗ್ ಹಿಲ್ ಶಾಲೆ ತೆರೆದ. ಗೋಡೆ ಕಟ್ಟಿದ್ದು ವಿದ್ಯಾರ್ಥಿಗಳೇ. ಓದು ಬಂದವನು ಕೈಗೆ ಮಣ್ಣು ಹತ್ತಿಸಿಕೊಳ್ಳಬಾರದೆಂಬ ಭಾವನೆಯೇ ಹೊಸ ನಾಡಿಗೆ ಶತ್ರು ಎಂದು ಅವನ ನಂಬಿಕೆ. ಪ್ರಾಥಮಿಕ ಶಾಲೆ ಮುಗಿಸಿ ಮುಂದೆ ಜಾಗ ಸಿಗದ ಹುಡುಗರಿಗಾಗಿ 'ಬ್ರಿಗೇಡ್' ಎಂಬ ಏರ್ಪಾಡು ಹುಟ್ಟಿತು. ಹುಡುಗರು ಗಾರೆ ಕೆಲಸ ಕಲಿಯುತ್ತ ಊರಿನ ಕಟ್ಟಡ ಕಟ್ಟುತ್ತಾರೆ. ಕಟ್ಟಿದ ಕೂಲಿಯಿಂದಲೇ ಕಲಿಕೆಯ ಖರ್ಚು ಹುಟ್ಟುತ್ತದೆ. ಬಡಗಿ, ಚರ್ಮ ಹದ ಮಾಡುವವರು, ನೇಯುವವರು, ರೈತರು ಎಂದು ಅದು ಕವಲೊಡೆಯಿತು. ದೊಡ್ಡವರು ತಮ್ಮದೇ ದುಡಿಮೆಯ ಗುಂಪು ಮಾಡಿಕೊಂಡರು. ದಕ್ಷಿಣ ಆಫ್ರಿಕಾದಿಂದ ಓಡಿಬಂದಿದ್ದ ಲೇಖಕಿ ಬೆಸ್ಸಿ ಹೆಡ್ ಆ ಗುಂಪಿನ ತರಕಾರಿ ತೋಟದಲ್ಲಿ ದುಡಿದಳು. ಊರಿನ ಮುದುಕರನ್ನೂ ಹುಡುಗರನ್ನೂ ಮಾತಾಡಿಸಿ ಸೆರೊವೆಯ ಬಗ್ಗೆ ಪುಸ್ತಕವನ್ನೇ ಬರೆದಳು. ಆಕೆಗೆ ಬೋಟ್ಸ್ವಾನಾದ ಪೌರತ್ವ ಸಿಕ್ಕಿದ್ದು 1979ರಲ್ಲಿ, ಬಂದು ಹದಿನೈದು ವರ್ಷವಾದ ಮೇಲೆ. ಬ್ರಿಗೇಡುಗಳ ಕಥೆಯೂ ಸುಖಾಂತವಲ್ಲ. ತಾಯಂದಿರಿಗೆ ತಮ್ಮ ಮಕ್ಕಳು ಗಾರೆಯವರಾಗುವುದಕ್ಕಿಂತ ಗುಮಾಸ್ತರಾಗುವುದೇ ಬೇಕಿತ್ತು. ಗುಮಾಸ್ತೆ ಕೆಲಸಕ್ಕೆ ಸಂಬಳ ಹೆಚ್ಚೆಂಬುದು ಕಣ್ಣೆದುರೇ ಇದ್ದಾಗ ಆ ತಾಯಂದಿರ ತಪ್ಪೇನು?

ಜನ ಒಟ್ಟಾಗಿ ಮಾಡಿದ ಕೆಲಸಗಳಲ್ಲಿ ನಾಡಿನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು. ಬೋಟ್ಸ್ವಾನಾ, ಲೆಸೋಥೋ, ಸ್ವಾಜಿಲ್ಯಾಂಡ್ ಮೂರೂ ಸೇರಿ ಒಂದು ವಿಶ್ವವಿದ್ಯಾಲಯ ನಡೆಸುತ್ತಿದ್ದವು. 1975ರ ಅಕ್ಟೋಬರಿನಲ್ಲಿ ಲೆಸೋಥೋ ತನ್ನ ನೆಲದಲ್ಲಿದ್ದ ಮುಖ್ಯ ಆವರಣವನ್ನು ತನ್ನದೆಂದು ಸಾರಿ ಹೊರಬಿತ್ತು. ಬೋಟ್ಸ್ವಾನಾದ ಮಕ್ಕಳು ಗಂಟುಮೂಟೆ ಕಟ್ಟಿ ಮರಳಿದರು. ಸೆರೆಟ್ಸೆ ಜನರ ಎದುರು ಕೈಚಾಚಿದ: ತಲೆಗೊಂದು ದನ ಕೊಡಿ, ನಮ್ಮದೇ ವಿದ್ಯಾಲಯ ಕಟ್ಟೋಣ. 1976ರಲ್ಲಿ ಊರೂರಿನಿಂದ ದನಗಳು ಬಂದವು. ದನವಿಲ್ಲದವರು ಆಡು ಕೊಟ್ಟರು, ಕೋಳಿ ಕೊಟ್ಟರು, ಜೋಳದ ಚೀಲ ಕೊಟ್ಟರು, ಮೊಟ್ಟೆ ತಂದು ಕೊಟ್ಟವರೂ ಇದ್ದರು. ಸಂಬಳದವರು ಸಂಬಳದಲ್ಲಿ ಪಾಲು ಕೊಟ್ಟರು. ಶೆಕೆಡಿ ಕಾಲೇಜಿಗೆ ದನ ವಸೂಲಿ ಮಾಡಿ ಮೂರು ದಶಕವಾಗುವ ಮುನ್ನ ಅದೇ ಜನ ಯಾರ ಬಲವಂತವೂ ಇಲ್ಲದೆ ದನ ಹೊಡೆದುಕೊಂಡು ಬಂದರು. ಗಾಬೊರೊನೆಯ ವಿಶ್ವವಿದ್ಯಾಲಯದ ಆವರಣದಲ್ಲಿ ಹಸುವನ್ನು ಮುಂದೆ ನೂಕುತ್ತಿರುವ ಮನುಷ್ಯನ ಪ್ರತಿಮೆಯೊಂದಿದೆ. ಸ್ಥಾಪಕರೆಂದು ಅಲ್ಲಿ ನಿಂತಿರುವವನು ಹೆಸರಿಲ್ಲದ ಆ ದನಗಾಹಿ.

ಆದರೆ ದನ ಎಲ್ಲರಲ್ಲೂ ಸಮನಾಗಿರಲಿಲ್ಲ. ಸಾವಿರಗಟ್ಟಲೆ ಇದ್ದವರು ಕೆಲವರು, ಮಂತ್ರಿಗಳೂ ಅಧ್ಯಕ್ಷನೂ ಅವರ ಪೈಕಿ. ಒಂದೂ ಇಲ್ಲದ ಮನೆಗಳು ಲೆಕ್ಕವಿಲ್ಲದಷ್ಟು. 1975ರಲ್ಲಿ ಸರ್ಕಾರ ಹುಲ್ಲುಗಾವಲಿನ ಹೊಸ ನೀತಿ ತಂದಿತು. ದೊಡ್ಡ ಮಂದೆಯವರಿಗೆ ಬೇಲಿ ಹಾಕಿದ ನೆಲವನ್ನು ಗೇಣಿಗೆ ಕೊಟ್ಟರೆ, ಹಳ್ಳಿಯ ಸಾಮೂಹಿಕ ಹುಲ್ಲು ಬಡವರಿಗೆ ಉಳಿಯುತ್ತದೆ ಎಂಬುದು ವಾದ. ಜನರಿಗೆ ತಿಳಿಸಲೆಂದು ಮರುವರ್ಷ ರೇಡಿಯೋ ಕಾರ್ಯಕ್ರಮ ಹೂಡಿದರು. ಸಾವಿರಾರು ಹಳ್ಳಿಗಳಲ್ಲಿ, ಹಟ್ಟಿಗಳಲ್ಲಿ ಜನ ರೇಡಿಯೋ ಸುತ್ತ ಗುಂಪಾಗಿ ಕೂತು ಕೇಳಿದರು, ಚರ್ಚೆ ಮಾಡಿದರು, ಅಭಿಪ್ರಾಯ ಬರೆದು ಕಳಿಸಿದರು. ಬೇಲಿ ಬೇಡವೆಂಬ ಅನುಮಾನ ಆ ಕಾಗದಗಳಲ್ಲಿ ಬಹಳಷ್ಟಿತ್ತು. ನೀತಿ ಮುಂದುವರಿಯಿತು. ಖಾಲಿ ಎಂದು ನಕ್ಷೆಯಲ್ಲಿ ಗುರುತು ಮಾಡಿದ್ದ ನೆಲದಲ್ಲಿ ಜನ ಇದ್ದರು, ಬಸಾರ್ವಾಗಳು ಗೆಡ್ಡೆ ಅಗೆದು, ಬೇಟೆಯಾಡಿ, ಬೇರೆಯವರ ದನ ಕಾದು ಬದುಕುತ್ತಿದ್ದರು. ಮತ್ತೆ ನಕ್ಷೆ ಬರೆದವರ ಕಣ್ಣಿಗೆ ಮನುಷ್ಯರು ಬಿದ್ದಿರಲಿಲ್ಲ.

ಸೆಲೆಬಿ-ಫಿಕ್ವೆಯ ತಾಮ್ರದ ಗಣಿಯ ಕಾರ್ಮಿಕರು 1975ರಲ್ಲಿ ಕೂಲಿಗಾಗಿ ಮುಷ್ಕರ ಹೂಡಿದಾಗಲೂ ಸರ್ಕಾರದ ಮುಖ ಬೇರೆಯಾಗಿತ್ತು. ಪೊಲೀಸರು ಬಂದರು, ಕಾರ್ಮಿಕರು ಕೆಲಸ ಕಳೆದುಕೊಂಡರು, ಮೊಕದ್ದಮೆ ಎದುರಿಸಿದರು. ಹಳ್ಳಿಯ ಬಯಲಿನಲ್ಲಿ ಬೈಗುಳ ಕೇಳಿಸಿಕೊಳ್ಳುತ್ತಿದ್ದ ತಾಳ್ಮೆ ಗಣಿಯ ಗೇಟಿನ ಎದುರು ಇರಲಿಲ್ಲ.

ಗಡಿಯ ಆಚೆ ಬಂದೂಕುಗಳ ಕಾಲ. ರೊಡೇಷಿಯಾದ ಯುದ್ಧ ಏರಿದಂತೆ ನಿರಾಶ್ರಿತರು ಸಾವಿರಗಟ್ಟಲೆ ಬಂದರು, ಅವರ ಬೆನ್ನಿಗೆ ರೊಡೇಷಿಯಾದ ಸೈನಿಕರೂ ಗಡಿ ದಾಟಿ ಬಂದರು. ಹನ್ನೊಂದು ವರ್ಷ ಸೇನೆಯೇ ಇಲ್ಲದೆ ಕಳೆದಿದ್ದ ದೇಶ 1977ರಲ್ಲಿ ಸೇನೆ ಕಟ್ಟಿತು. ಮರುವರ್ಷ ಫೆಬ್ರುವರಿಯಲ್ಲಿ ಉತ್ತರದ ಲೆಶೋಮಾದಲ್ಲಿ ಅದರ 15 ಯೋಧರು ಹೊಂಚು ದಾಳಿಗೆ ಬಲಿಯಾದರು. ಸೆರೆಟ್ಸೆಯ ಆರೋಗ್ಯ ಕೆಟ್ಟಿತ್ತು. ಮಧುಮೇಹ ಬಹುಕಾಲದ ಸಂಗಾತಿ. ಕೊನೆಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಜಿಂಬಾಬ್ವೆ ಸ್ವತಂತ್ರವಾದದ್ದನ್ನು ಕಣ್ಣಾರೆ ಕಂಡು, ದಕ್ಷಿಣದ ರಾಷ್ಟ್ರಗಳ ಆರ್ಥಿಕ ಒಕ್ಕೂಟವನ್ನು 1980ರ ಏಪ್ರಿಲ್‌ನಲ್ಲಿ ಲುಸಾಕಾದಲ್ಲಿ ಹುಟ್ಟುಹಾಕಿ, ಜುಲೈ 13ರಂದು ಆತ ತೀರಿಕೊಂಡ. ಐವತ್ತೊಂಬತ್ತು ವರ್ಷ. ಸೆರೊವೆಯ ಗುಡ್ಡದ ಮೇಲೆ, ಅಜ್ಜ ಖಾಮನ ಸಮಾಧಿಯಿರುವ ರಾಜವಂಶದ ಭೂಮಿಯಲ್ಲೇ ಮಣ್ಣು ಮಾಡಿದರು. ಇಂಗ್ಲೆಂಡಿಗೆ ಮರಳಬಹುದೆಂದು ಕೆಲವರು ಊಹಿಸಿದ್ದ ರೂತ್ ಅಲ್ಲೇ ಉಳಿದಳು.

ಐದು ದಿನದಲ್ಲಿ ಸಂಸತ್ತು ಸೇರಿ ಮಾಸಿರೆಯನ್ನು ಅಧ್ಯಕ್ಷನನ್ನಾಗಿ ಆರಿಸಿತು. ಸೈನ್ಯ ಬೀದಿಗಿಳಿಯಲಿಲ್ಲ, ಖಾಮ ಮನೆತನ ಪಟ್ಟ ಕೇಳಲಿಲ್ಲ. ಪ್ರಮಾಣವಚನ ಮುಗಿಸಿ ಮಾಸಿರೆ ಸದನದ ಕಲಾಪಕ್ಕೆ ಬಂದಾಗ ಎದುರು ಬೆಂಚಿನಲ್ಲಿ ಎರಡನೇ ಬಾಥೋಯೆನ್ ಇದ್ದ. ಬಾಂಗ್ವಾಕೆಟ್ಸೆಗಳ ಹಳೆಯ ಅರಸ ಇನ್ನೂ ಐದು ವರ್ಷ ಅಲ್ಲಿಂದಲೇ ತನ್ನ ಹಳೆಯ ಪ್ರಜೆಯ ಸರ್ಕಾರವನ್ನು ಪ್ರಶ್ನಿಸುತ್ತ ಹೋದ.